ತಲೆ ತಗ್ಗಿಸಿ ಓದುವ ಊರು

ಯುರೋಪಿನ ಹಳೆಯ ಊರುಗಳನ್ನು ಸುತ್ತಿದವರ ಕತ್ತು ನೋಯುವುದು ಸಹಜ. ಪ್ಯಾರಿಸ್‌ನಲ್ಲಿ ಐಫೆಲ್ ಗೋಪುರ, ವ್ಯಾಟಿಕನ್‌ನಲ್ಲಿ ಸೇಂಟ್ ಪೀಟರ್ ಚರ್ಚಿನ ಗುಮ್ಮಟ, ವಿಯೆನ್ನಾದಲ್ಲಿ ಸೇಂಟ್ ಸ್ಟೀಫನ್ ಚರ್ಚಿನ ಶಿಖರ... ಎಲ್ಲವನ್ನೂ ತಲೆಯೆತ್ತಿಯೇ ನೋಡಬೇಕು. ಜರ್ಮನಿಯ ರಾಜಧಾನಿ ಬರ್ಲಿನ್ ಹಾಗಲ್ಲ. ಈ ಊರನ್ನು ಕಾಲ್ನಡಿಗೆಯಲ್ಲಿ ಸುತ್ತುವವರು ಮತ್ತೆ ಮತ್ತೆ ತಲೆ ತಗ್ಗಿಸಬೇಕಾಗುತ್ತದೆ. ಏಕೆಂದರೆ ಬರ್ಲಿನ್ ತನ್ನ ಚರಿತ್ರೆಯ ಮುಖ್ಯ ಪುಟಗಳನ್ನು ನೆಲದ ಮೇಲೆ ಬರೆದಿಟ್ಟಿದೆ. ಅವು ಹೆಮ್ಮೆಯ ಪುಟಗಳಲ್ಲ, ನಾಚಿಕೆಯ ಪುಟಗಳು!

ಬಸ್ಸಿನ ಕಿಟಕಿಯಿಂದ ಈ ಬರಹ ಕಾಣುವುದಿಲ್ಲ. ಹತ್ತು ಸೆಂಟಿಮೀಟರ್ ಅಗಲದ ಹಿತ್ತಾಳೆಯ ತಗಡು, ರಸ್ತೆಗೆ ಅಡ್ಡಲಾಗಿ ಹಾದುಹೋದ ಜೋಡಿ ಸಾಲಿನ ಕಲ್ಲು, ಚೌಕದ ನಡುವೆ ಕೂರಿಸಿದ ಒಂದು ಗಾಜು, ದೀಪದ ಕಂಬಕ್ಕೆ ತೂಗಿದ ಪುಟ್ಟ ಫಲಕ - ಇವನ್ನೆಲ್ಲ ನಡೆದೇ ಕಾಣಬೇಕು. ಅದಕ್ಕಾಗಿಯೇ ಬರ್ಲಿನ್‌ನಲ್ಲಿ ಮಾರ್ಗದರ್ಶಕರೊಡನೆ ನಡೆದು ಊರು ನೋಡುವ ಪದ್ಧತಿ ಚೆನ್ನಾಗಿ ಬೇರೂರಿದೆ. ಬೆಳಗಾದರೆ ಬ್ರಾಂಡೆನ್‌ಬರ್ಗ್ ದ್ವಾರದ ಎದುರಿನ ಚೌಕದಲ್ಲಿ ಸಣ್ಣ ಸಣ್ಣ ಗುಂಪುಗಳು ಕೂಡಿಕೊಳ್ಳುತ್ತವೆ. ಅವುಗಳಲ್ಲಿ ವಿದೇಶಿ ಪ್ರವಾಸಿಗಳಿರುತ್ತಾರೆ, ಉಪಾಧ್ಯಾಯರೊಡನೆ ಬಂದ ಜರ್ಮನ್ ಶಾಲಾ ಮಕ್ಕಳೂ ಇರುತ್ತಾರೆ. ತಮ್ಮ ದೇಶ ಮಾಡಿದ ತಪ್ಪನ್ನು ತಮ್ಮ ಮಕ್ಕಳಿಗೇ ನಡೆಸಿ ತೋರಿಸುವ ಊರು ಜಗತ್ತಿನಲ್ಲಿ ಬಹಳ ಇಲ್ಲ.

ದ್ವಾರದ ಬಳಿ ಆರಂಭ

ಬರ್ಲಿನ್ ಹಳೆಯ ಊರು. ಈಗ ಅದರ ಭಾಗವೇ ಆಗಿರುವ ಜೋಡಿ ಊರು ಕೋಲ್ನ್‌ನ ಹೆಸರು 1237ರ ದಾಖಲೆಯಲ್ಲೇ ಸಿಗುತ್ತದೆ. ಆದರೆ ಎರಡನೆಯ ಮಹಾಯುದ್ಧದ ಬಾಂಬುಗಳು ಊರಿನ ನಡುಭಾಗವನ್ನು ಬಹುಮಟ್ಟಿಗೆ ಹಾಳುಗೆಡವಿದವು. ಹಾಗಾಗಿ ಇಲ್ಲಿ ಪ್ರಾಚೀನ ಬೀದಿಗಳ ಸೊಗಸನ್ನು ಹುಡುಕಿ ಬಂದವರಿಗೆ ಕೊಂಚ ನಿರಾಶೆಯಾದೀತು. ಉಳಿದ ಕಟ್ಟಡಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು ಬ್ರಾಂಡೆನ್‌ಬರ್ಗ್ ದ್ವಾರ.

ಕಾರ್ಲ್ ಗೊಟ್‌ಹಾರ್ಡ್ ಲಾಂಗ್‌ಹಾನ್ಸ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1788ರಿಂದ 1791ರವರೆಗೆ ಕಟ್ಟಿದ ದ್ವಾರವಿದು. ಮೇಲೆ ನಾಲ್ಕು ಕುದುರೆಗಳ ರಥ. 1806ರಲ್ಲಿ ಬರ್ಲಿನ್ ಗೆದ್ದ ನೆಪೋಲಿಯನ್ ಈ ರಥವನ್ನು ಪ್ಯಾರಿಸ್‌ಗೆ ಸಾಗಿಸಿದ. 1814ರಲ್ಲಿ ಅವನು ಸೋತ ಮೇಲೆ ಅದು ಮರಳಿ ಬಂತು. 1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದ ರಾತ್ರಿ ಅವನ ಬೆಂಬಲಿಗರು ಪಂಜಿನ ಮೆರವಣಿಗೆಯಲ್ಲಿ ಸಾಗಿದ್ದು ಇದೇ ದ್ವಾರದ ಮೂಲಕ. 1961ರಲ್ಲಿ ಬರ್ಲಿನ್ ಗೋಡೆ ಎದ್ದಾಗ ದ್ವಾರವು ಆಚೆಯವರಿಗೂ ಈಚೆಯವರಿಗೂ ಸಿಗದಂತೆ ಗಡಿಯ ನಿಷಿದ್ಧ ವಲಯದಲ್ಲಿ ಒಂಟಿಯಾಗಿ ನಿಂತಿತು. ಮತ್ತೆ ತೆರೆದದ್ದು 1989ರ ಡಿಸೆಂಬರ್ 22ರಂದು.

ಇಷ್ಟನ್ನೂ ಮಾರ್ಗದರ್ಶಕರು ದ್ವಾರದತ್ತ ಕೈ ತೋರಿ ಹೇಳುತ್ತಾರೆ. ಆಮೇಲೆ ದ್ವಾರದಾಚೆಗೆ ಕರೆದೊಯ್ದು ನೆಲ ನೋಡಲು ಹೇಳುತ್ತಾರೆ. ಡಾಂಬರು ರಸ್ತೆಯಲ್ಲಿ ಎರಡು ಸಾಲು ಕಲ್ಲು ಒಂದರ ಪಕ್ಕ ಒಂದು ಹೋಗುತ್ತಿರುತ್ತವೆ. ಅವುಗಳ ಮೇಲೆ ಕಾರುಗಳು, ಸೈಕಲ್ಲುಗಳು ಸಲೀಸಾಗಿ ಓಡಾಡುತ್ತವೆ. ಅದೇ ಗೋಡೆ ಇದ್ದ ಜಾಗ! ದಾಟಲು ಹೋದವರು ಗುಂಡಿಗೆ ಬಲಿಯಾಗುತ್ತಿದ್ದ ಗೆರೆಯನ್ನು ಈಗ ಮಕ್ಕಳು ಒಂದೇ ಹೆಜ್ಜೆಯಲ್ಲಿ ದಾಟುತ್ತಾರೆ. ಚರಿತ್ರೆಯ ಪುಸ್ತಕದ ಒಂದು ಅಧ್ಯಾಯ ಹೇಳದ್ದನ್ನು ಆ ಹೆಜ್ಜೆ ಹೇಳಿಬಿಡುತ್ತದೆ.

ಫಲಕವಷ್ಟೇ ಇರುವ ಜಾಗ

ದ್ವಾರದಿಂದ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಬೂದು ಬಣ್ಣದ ಕಾಂಕ್ರೀಟ್ ಗಡ್ಡೆಗಳ ವಿಶಾಲ ಬಯಲು ಎದುರಾಗುತ್ತದೆ. ಸುಮಾರು 19,000 ಚದರ ಮೀಟರ್ ಜಾಗದಲ್ಲಿ 2,711 ಗಡ್ಡೆಗಳು. ನಾಜಿಗಳು ಕೊಂದ ಯುರೋಪಿನ ಸುಮಾರು 60 ಲಕ್ಷ ಯಹೂದಿಗಳ ಸ್ಮಾರಕವಿದು. ಅಮೆರಿಕದ ವಾಸ್ತುಶಿಲ್ಪಿ ಪೀಟರ್ ಐಸೆನ್‌ಮನ್ ರೂಪಿಸಿದ ಇದು 2005ರ ಮೇ ತಿಂಗಳಲ್ಲಿ ತೆರೆಯಿತು. ಇಂಥದೊಂದು ಸ್ಮಾರಕ ಬೇಕೆಂಬ ಬೇಡಿಕೆ ಎದ್ದದ್ದು 1988ರಲ್ಲಿ. ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು, ಕಟ್ಟಲೇಬೇಕೆ ಎಂಬ ವಾದವಿವಾದದಲ್ಲೇ ವರ್ಷಗಳು ಉರುಳಿದವು. ಕೊನೆಗೆ 1999ರಲ್ಲಿ ಜರ್ಮನಿಯ ಸಂಸತ್ತೇ ಮತ ಹಾಕಿ ನಿರ್ಧರಿಸಿತು.

ಗಡ್ಡೆಗಳ ಮೇಲೆ ಒಂದಕ್ಷರವೂ ಇಲ್ಲ. ಅಂಚಿನಲ್ಲಿ ಮೊಣಕಾಲೆತ್ತರವಿರುವ ಅವು ಒಳಹೋದಂತೆ ಎತ್ತರವಾಗುತ್ತವೆ, ಕಾಲಡಿಯ ನೆಲವೋ ತಗ್ಗುತ್ತ ಏರುತ್ತ ಹೋಗುತ್ತದೆ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಪೇಟೆಯ ಸದ್ದು ಅಡಗುತ್ತದೆ, ಜೊತೆಗಿದ್ದವರು ಕಣ್ಮರೆಯಾಗುತ್ತಾರೆ. ಹೆಸರುಗಳು ಬೇಕೆಂದರೆ ನೆಲಮಾಳಿಗೆಗೆ ಇಳಿಯಬೇಕು. ಅಲ್ಲಿನ ಒಂದು ಕೋಣೆಯಲ್ಲಿ ಸತ್ತವರ ಹೆಸರನ್ನೂ ಕಿರು ಪರಿಚಯವನ್ನೂ ಒಂದಾದ ಮೇಲೊಂದರಂತೆ ಓದಿ ಕೇಳಿಸುತ್ತಾರೆ.

ಇಲ್ಲಿಂದ ಇನ್ನೂ ಕೆಲವು ನಿಮಿಷ ನಡೆದರೆ ಕಾರು ನಿಲ್ಲಿಸುವ ಸಾಧಾರಣ ಜಾಗವೊಂದಿದೆ. ಪಕ್ಕದಲ್ಲಿ ವಾಸದ ಮನೆಗಳು, ಬಟ್ಟೆ ಒಣಹಾಕಿದ ಬಾಲ್ಕನಿಗಳು. ಮಾರ್ಗದರ್ಶಕರು ಇಲ್ಲಿ ನಿಂತಾಗ ಗುಂಪಿನವರು ಆಚೀಚೆ ನೋಡಿ, 'ಇಲ್ಲೇನಿದೆ?' ಎಂದು ಕೇಳುವುದು ರೂಢಿ. 1945ರ ಏಪ್ರಿಲ್ 30ರಂದು ಹಿಟ್ಲರ್ ಆತ್ಮಹತ್ಯೆ ಮಾಡಿಕೊಂಡ ನೆಲದಡಿಯ ಅಡಗುದಾಣ ಇದ್ದದ್ದು ಇಲ್ಲೇ! ದಶಕಗಳ ಕಾಲ ಇಲ್ಲಿ ಯಾವ ಗುರುತೂ ಇರಲಿಲ್ಲ. 2006ರಲ್ಲಿ ಒಂದು ಮಾಹಿತಿ ಫಲಕವನ್ನಷ್ಟೇ ನಿಲ್ಲಿಸಲಾಯಿತು. ಸ್ಮಾರಕ ಕಟ್ಟಿದರೆ ಅವನ ಅಭಿಮಾನಿಗಳಿಗೆ ಅದೇ ಪುಣ್ಯಕ್ಷೇತ್ರವಾದೀತೆಂಬ ಎಚ್ಚರ ಇದರ ಹಿಂದಿದೆ. ಕೊಲ್ಲಿಸಿದವನ ಜಾಗದಲ್ಲಿ ಕಾರುಗಳು, ಸತ್ತವರಿಗೆ ರಾಜಧಾನಿಯ ನಡುಮಧ್ಯದ ನೆಲ. ಯಾರನ್ನು ಹೇಗೆ ನೆನೆಯಬೇಕೆಂಬ ವಿವೇಕವನ್ನು ಈ ಎರಡು ಜಾಗಗಳ ನಡುವಿನ ನಡಿಗೆಯೇ ಕಲಿಸುತ್ತದೆ.

ಪುಸ್ತಕಗಳಿಲ್ಲದ ಗ್ರಂಥಾಲಯ

ದ್ವಾರಕ್ಕೆ ಮರಳಿ ಪೂರ್ವಕ್ಕೆ ಹೊರಟರೆ ಸಾಲುಮರಗಳ ರಾಜಬೀದಿ, ಉಂಟರ್ ಡೆನ್ ಲಿಂಡೆನ್. ಎಡಗಡೆಗೆ ಹುಂಬೋಲ್ಟ್ ವಿಶ್ವವಿದ್ಯಾಲಯ. 1810ರಲ್ಲಿ ಆರಂಭವಾದ ಈ ವಿದ್ಯಾಕೇಂದ್ರದಲ್ಲಿ ಮ್ಯಾಕ್ಸ್ ಪ್ಲಾಂಕ್ ಅವರಂಥ ವಿಜ್ಞಾನಿ ಪಾಠ ಹೇಳಿದ್ದರು. ಕನ್ನಡಿಗರಿಗೂ ಇದರೊಡನೆ ಒಂದು ನಂಟಿದೆ. 1951ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಗೋಡಿಗೆ ಬಂದು, ಗೇಣಿದಾರರ ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ ಡಾಕ್ಟರೇಟ್‌ಗಾಗಿ ಓದಿದ್ದು ಇಲ್ಲಿಯೇ. ಅವರು ಓದು ಮುಗಿಸಿ ತಾಯ್ನಾಡಿಗೆ ಮರಳಿದ್ದು 1933ರಲ್ಲಿ, ಹಿಟ್ಲರ್ ಪಟ್ಟವೇರಿದ ವರ್ಷದಲ್ಲಿ.

ಅದೇ ವರ್ಷದ ಮೇ 10ರ ರಾತ್ರಿ ವಿಶ್ವವಿದ್ಯಾಲಯದ ಎದುರಿನ ಚೌಕದಲ್ಲಿ ಬೆಂಕಿ ಎದ್ದಿತು. ಉರಿದದ್ದು ಪುಸ್ತಕಗಳು, ಇಪ್ಪತ್ತು ಸಾವಿರಕ್ಕೂ ಹೆಚ್ಚು. ಮಾರ್ಕ್ಸ್, ಫ್ರಾಯ್ಡ್, ಹೈನ್ರಿಖ್ ಮಾನ್, ಎರಿಖ್ ಮರಿಯಾ ರೆಮಾರ್ಕ್ ಮುಂತಾದವರ ಕೃತಿಗಳನ್ನು 'ಜರ್ಮನ್ ಸತ್ವಕ್ಕೆ ವಿರುದ್ಧ' ಎಂದು ಸಾರಿ ಬೆಂಕಿಗೆ ಎಸೆಯಲಾಯಿತು. ಮಕ್ಕಳಿಗಾಗಿ ಬರೆದು ಹೆಸರಾಗಿದ್ದ ಎರಿಖ್ ಕೆಸ್ಟ್ನರ್ ತನ್ನ ಪುಸ್ತಕಗಳು ಉರಿಯುವುದನ್ನು ಜನರ ನಡುವೆ ನಿಂತು ಕಣ್ಣಾರೆ ಕಂಡ.

ಪುಸ್ತಕಗಳನ್ನು ತಂದು ಸುರಿದವರಾರು? ಅನಕ್ಷರಸ್ಥರಲ್ಲ, ಬಾಡಿಗೆ ಪುಂಡರೂ ಅಲ್ಲ. ಇದನ್ನು ಸಂಘಟಿಸಿದ್ದು ವಿದ್ಯಾರ್ಥಿ ಸಂಘ. ಪ್ರಾಧ್ಯಾಪಕರಲ್ಲಿ ಹಲವರು ಜೊತೆಗಿದ್ದರು. ನಾಜಿ ಪ್ರಚಾರ ಮಂತ್ರಿ ಗೋಬೆಲ್ಸ್ ಬಂದು ಭಾಷಣ ಬಿಗಿದ. ಓದಿದವರೆಲ್ಲ ಒಳ್ಳೆಯವರಾಗುತ್ತಾರೆಂಬ ನಂಬಿಕೆಯುಳ್ಳ ತಂದೆತಾಯಂದಿರು ಈ ಚೌಕದಲ್ಲಿ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು.

ಈಗ ಬೇಬೆಲ್‌ಪ್ಲಾಟ್ಸ್ ಎಂದು ಹೆಸರಾದ ಈ ಚೌಕ ಮೊದಲ ನೋಟಕ್ಕೆ ಬರಿದು. ಎಲ್ಲಿದೆ ಸ್ಮಾರಕ ಎಂದು ಹುಡುಕುವವರ ಕಾಲಡಿಯಲ್ಲೇ ಅದು ಇದೆ! ಕಲ್ಲುಹಾಸಿನ ನಡುವೆ ಒಂದು ಗಾಜಿನ ಚೌಕ. ಬಗ್ಗಿ ನೋಡಿದರೆ ಕೆಳಗೆ ಬೆಳ್ಳನೆಯ ಕೋಣೆ, ಅದರ ಗೋಡೆಗಳ ತುಂಬ ಕಪಾಟುಗಳು. ಇಪ್ಪತ್ತು ಸಾವಿರ ಪುಸ್ತಕಗಳಿಗೆ ಸಾಕಾಗುವಷ್ಟು ಜಾಗ, ಆದರೆ ಒಂದು ಪುಸ್ತಕವೂ ಇಲ್ಲ. ಇಸ್ರೇಲಿನ ಕಲಾವಿದ ಮಿಖಾ ಉಲ್‌ಮನ್ 1995ರಲ್ಲಿ ರಚಿಸಿದ 'ಗ್ರಂಥಾಲಯ' ಇದು. ಇದರೊಳಗೆ ಯಾರೂ ಇಳಿಯುವಂತಿಲ್ಲ, ಏನನ್ನೂ ಓದುವಂತಿಲ್ಲ. ಬಗ್ಗಿ ನೋಡುವುದಷ್ಟೇ ಸಾಧ್ಯ. ಬಿಸಿಲಿದ್ದ ದಿನ ಗಾಜಿನಲ್ಲಿ ನೋಡುವವರ ಮುಖವೇ ಮೊದಲು ಕಾಣುತ್ತದೆ.

ರಸ್ತೆ ದಾಟಿದರೆ ವಿಶ್ವವಿದ್ಯಾಲಯದ ಪಕ್ಕದಲ್ಲಿ 'ನೋಯೆ ವಾಖೆ' ಎಂಬ ಸಣ್ಣ ಕಟ್ಟಡ. ಹಿಂದೆ ರಾಜನ ಕಾವಲುಪಡೆಗಿದ್ದ ಇದು 1993ರಿಂದ ಯುದ್ಧದಲ್ಲೂ ಸರ್ವಾಧಿಕಾರದಲ್ಲೂ ಸತ್ತವರ ರಾಷ್ಟ್ರೀಯ ಸ್ಮಾರಕ. ಒಳಗೆ ಇರುವುದು ಒಂದೇ ಶಿಲ್ಪ, ಸತ್ತ ಮಗನನ್ನು ತಬ್ಬಿ ಕುಳಿತ ತಾಯಿ. ಮಾವಣಿಯಲ್ಲಿ ದುಂಡನೆಯ ತೆರಪು. ಮಳೆ, ಹಿಮ ಎಲ್ಲವೂ ನೇರ ಆ ತಾಯಿಯ ಮೇಲೆ ಬೀಳುತ್ತವೆ. ಈ ಶಿಲ್ಪದ ಮೂಲವನ್ನು ರಚಿಸಿದ ಕೇಥೆ ಕೋಲ್‌ವಿಟ್ಸ್ ತಮ್ಮ ಮಗ ಪೀಟರ್‌ನನ್ನು 1914ರ ಅಕ್ಟೋಬರ್‌ನಲ್ಲಿ, ಮೊದಲ ಮಹಾಯುದ್ಧದ ಆರಂಭದಲ್ಲೇ, ಕಳೆದುಕೊಂಡಿದ್ದರು.

ಎಡವುಗಲ್ಲುಗಳು

ಸ್ಪ್ರೇ ನದಿ ದಾಟಿ ಹಕೆಷರ್ ಮಾರ್ಕ್ಟ್ ಎಂಬ ಪೇಟೆಯ ಕಡೆ ಹೋದರೆ ಒಂದು ಕಾಲಕ್ಕೆ ಯಹೂದಿಗಳು ಹೆಚ್ಚಾಗಿದ್ದ ಬೀದಿಗಳು. 1933ಕ್ಕೆ ಮೊದಲು ಬರ್ಲಿನ್‌ನಲ್ಲಿ ಸುಮಾರು 1,60,000 ಯಹೂದಿಗಳಿದ್ದರು. ಅವರಲ್ಲಿ ಅನೇಕರು ದೇಶ ಬಿಟ್ಟರು. ಸುಮಾರು 55,000 ಮಂದಿ ಹತರಾದರು.

ಈ ಬೀದಿಗಳಲ್ಲಿ ಮನೆಗಳ ಬಾಗಿಲ ಮುಂದೆ, ಕಾಲುದಾರಿಯ ಕಲ್ಲುಗಳ ನಡುವೆ, ಹಿತ್ತಾಳೆಯ ಚಿಕ್ಕ ಚಿಕ್ಕ ಚೌಕಗಳು ಮಿನುಗುತ್ತವೆ. ಜರ್ಮನ್ ಭಾಷೆಯಲ್ಲಿ ಇವಕ್ಕೆ 'ಸ್ಟೋಲ್ಪರ್‌ಸ್ಟೈನ್' ಎಂದು ಹೆಸರು, ಎಂದರೆ ಎಡವುಗಲ್ಲು. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಆರಂಭಿಸಿದ ಕೆಲಸವಿದು. ಬರ್ಲಿನ್‌ನಲ್ಲಿ ಮೊದಲ ಕಲ್ಲುಗಳನ್ನು ಆತ 1996ರಲ್ಲಿ ನೆಟ್ಟಾಗ ಅನುಮತಿಯೇ ಇರಲಿಲ್ಲ! ಈಗ ಈ ಊರೊಂದರಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಕಲ್ಲುಗಳಿವೆ. 2023ರಲ್ಲಿ ಯುರೋಪಿನಾದ್ಯಂತ ನೆಟ್ಟ ಕಲ್ಲುಗಳ ಸಂಖ್ಯೆ ಒಂದು ಲಕ್ಷ ಮುಟ್ಟಿತು.

ಪ್ರತಿ ಕಲ್ಲೂ ಒಬ್ಬ ಮನುಷ್ಯನಿಗೆ ಮೀಸಲು. 'ಇಲ್ಲಿ ವಾಸವಾಗಿದ್ದರು' ಎಂದು ಆರಂಭವಾಗುವ ಬರಹದಲ್ಲಿ ಹೆಸರು, ಹುಟ್ಟಿದ ವರ್ಷ, ಸಾಗಿಸಿದ ದಿನ, ಕೊಂದ ಜಾಗ - ಇಷ್ಟೇ. ವ್ಯಕ್ತಿ ತಾನಾಗಿ ಆರಿಸಿಕೊಂಡು ವಾಸಿಸಿದ ಕೊನೆಯ ಮನೆಯ ಮುಂದೆಯೇ ಕಲ್ಲನ್ನು ನೆಡಬೇಕೆಂಬುದು ನಿಯಮ. ಒಂದೇ ಬಾಗಿಲ ಮುಂದೆ ನಾಲ್ಕು ಕಲ್ಲು ಒಟ್ಟಿಗಿದ್ದು, ಎರಡರಲ್ಲಿ ಹುಟ್ಟಿದ ವರ್ಷ ತೀರ ಈಚಿನದಾಗಿದ್ದರೆ, ವಿವರಣೆ ಬೇಕಾಗುವುದಿಲ್ಲ. ಅದು ಒಂದು ಸಂಸಾರ, ಇಬ್ಬರು ಮಕ್ಕಳು.

ಇಲ್ಲಿ ಕನ್ನಡಿಗರಿಗೆ ಒಂದು ಸಂಗತಿ ಇರುಸುಮುರುಸಾದೀತು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮಕ್ಕಳು ನಮ್ಮವರು. ಸತ್ತವರ ಹೆಸರನ್ನು ನಡೆದಾಡುವ ದಾರಿಯಲ್ಲಿ ಹಾಕಬಹುದೆ? ಈ ಆಕ್ಷೇಪ ಜರ್ಮನಿಯಲ್ಲೂ ಬಂದಿದೆ. ಹೆಸರುಗಳನ್ನು ಮತ್ತೊಮ್ಮೆ ತುಳಿದಂತಾಗುತ್ತದೆ ಎಂದು ಯಹೂದಿ ಮುಖಂಡರಲ್ಲೇ ಕೆಲವರು ಹೇಳಿದ್ದರಿಂದ, ಮ್ಯೂನಿಕ್ ನಗರ ತನ್ನ ಸಾರ್ವಜನಿಕ ರಸ್ತೆಗಳಲ್ಲಿ ಈ ಕಲ್ಲುಗಳಿಗೆ ಅವಕಾಶ ಕೊಟ್ಟಿಲ್ಲ. ಪರವಾಗಿರುವವರ ವಾದ ಬೇರೆ. ಎಡವಬೇಕಾದ್ದು ಕಾಲಲ್ಲ, ಮನಸ್ಸು. ಓದಬೇಕಾದರೆ ಬಗ್ಗಲೇಬೇಕು, ಬಗ್ಗಿದ್ದೇ ನಮಸ್ಕಾರ. ತುಳಿದಷ್ಟೂ ಹಿತ್ತಾಳೆ ಹೊಳೆಯುತ್ತದೆ. ಕೆಲವು ದಿನಗಳಂದು ನೆರೆಹೊರೆಯವರು, ಶಾಲಾ ಮಕ್ಕಳು ಮಂಡಿಯೂರಿ ಕುಳಿತು ಇವನ್ನು ತಿಕ್ಕಿ ಬೆಳಗುತ್ತಾರೆ, ಪಕ್ಕದಲ್ಲಿ ಮೇಣದಬತ್ತಿ ಹಚ್ಚುತ್ತಾರೆ. ಹೊಸ ಕಲ್ಲಿಗಾಗಿ ಹಳೆಯ ದಾಖಲೆ ಹುಡುಕಿ ವ್ಯಕ್ತಿಯ ವಿವರ ಕಲೆಹಾಕುವ ಕೆಲಸವನ್ನೂ ಎಷ್ಟೋ ಕಡೆ ಶಾಲೆಯ ಮಕ್ಕಳೇ ಮಾಡಿದ್ದಾರೆ. ಎರಡು ವಾದಗಳಲ್ಲೂ ಸತ್ತವರ ಬಗೆಗಿನ ಗೌರವವೇ ಇದೆಯೆಂಬುದನ್ನು ಮರೆಯುವಂತಿಲ್ಲ.

ಪೊರಕೆ ಅಂಗಡಿಯ ಗುಟ್ಟು

ಇದೇ ಪೇಟೆಯ ರೋಸೆಂಥಾಲರ್ ಬೀದಿಯ 39ನೇ ನಂಬರಿನ ಹಿತ್ತಲಲ್ಲಿ ಒಂದು ಹಳೆಯ ಕಾರ್ಖಾನೆ. ಒಟ್ಟೋ ವೈಟ್ ಎಂಬಾತ ಇಲ್ಲಿ ಪೊರಕೆ, ಬ್ರಷ್ಷು ತಯಾರಿಸುತ್ತಿದ್ದ. ಆತನಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ಕೆಲಸಕ್ಕಿದ್ದವರಲ್ಲಿ ಹೆಚ್ಚಿನವರು ಕಣ್ಣು ಕಾಣದ, ಕಿವಿ ಕೇಳದ ಯಹೂದಿಗಳು. ಸೈನ್ಯಕ್ಕೆ ಬ್ರಷ್ಷು ಬೇಕು, ಇವರಿಲ್ಲದೆ ಕೆಲಸ ಸಾಗದು ಎಂದು ವಾದಿಸಿ, ಗೆಸ್ಟಾಪೊ ಅಧಿಕಾರಿಗಳಿಗೆ ಲಂಚ ಕೊಟ್ಟು, ಸುಳ್ಳು ಕಾಗದಪತ್ರ ಮಾಡಿಸಿ ಆತ ತನ್ನವರನ್ನು ಆದಷ್ಟು ಕಾಲ ಕಾಪಾಡಿದ. ಒಂದು ಸಂಸಾರವನ್ನು ಕಾರ್ಖಾನೆಯ ಕೊನೆಯ ಕೋಣೆಯಲ್ಲಿ ಬಚ್ಚಿಟ್ಟು ಬಾಗಿಲಿಗೆ ಬಟ್ಟೆಯ ಕಪಾಟು ಅಡ್ಡ ಇಟ್ಟಿದ್ದ. ಕಿಟಕಿಯಿಲ್ಲದ ಆ ಕೋಣೆ ಈಗಲೂ ಇದೆ.

ಎಲ್ಲರನ್ನೂ ಉಳಿಸಲು ಆತನಿಂದಾಗಲಿಲ್ಲ. ಆದರೂ ಕೆಲವರು ಬದುಕಿದರು. ಅವರಲ್ಲೊಬ್ಬರಾದ ಇಂಗೆ ಡಾಯ್ಷ್‌ಕ್ರೋನ್ ಲೇಖಕಿಯಾಗಿ, 2022ರಲ್ಲಿ ತೀರಿಕೊಳ್ಳುವವರೆಗೂ ಈ ಕಥೆಯನ್ನು ಹೇಳುತ್ತಲೇ ಇದ್ದರು. ಮರೆತುಹೋಗಿದ್ದ ಈ ಕಾರ್ಖಾನೆಯಲ್ಲಿ 1999ರಲ್ಲಿ ಮೊದಲ ಪ್ರದರ್ಶನ ಏರ್ಪಡಿಸಿದವರು ವಿದ್ಯಾರ್ಥಿಗಳು. ಅದೇ ಬೆಳೆದು ಈಗಿನ ಸಂಗ್ರಹಾಲಯವಾಗಿದೆ. 1933ರಲ್ಲಿ ಪುಸ್ತಕ ಸುಟ್ಟವರೂ ವಿದ್ಯಾರ್ಥಿಗಳು, 1999ರಲ್ಲಿ ನೆನಪನ್ನು ಹೆಕ್ಕಿ ತೆಗೆದವರೂ ವಿದ್ಯಾರ್ಥಿಗಳು. ಇವೆರಡರ ನಡುವಿನ ದೂರ ನಡೆದರೆ ಅರ್ಧ ಗಂಟೆಯೂ ಇಲ್ಲ!

ಸಮೀಪದಲ್ಲೇ ರೋಸೆನ್‌ಸ್ಟ್ರಾಸೆ ಎಂಬ ಪುಟ್ಟ ಬೀದಿ. 1943ರ ಫೆಬ್ರುವರಿ ಕೊನೆಯಲ್ಲಿ ಯಹೂದಿ ಗಂಡಂದಿರನ್ನು ಹಿಡಿದು ಇಲ್ಲಿನ ಕಟ್ಟಡವೊಂದರಲ್ಲಿ ಕೂಡಿದಾಗ, ಯಹೂದಿಗಳಲ್ಲದ ಅವರ ಹೆಂಡತಿಯರು ಚಳಿಯಲ್ಲಿ ದಿನಗಟ್ಟಲೆ ಬೀದಿಯಲ್ಲಿ ನಿಂತು ಗಂಡಂದಿರನ್ನು ಬಿಡಿ ಎಂದು ಕೂಗಿದರು. ಬಹುಪಾಲು ಗಂಡಸರು ಬಿಡುಗಡೆಯಾದರು. ಬಿಡುಗಡೆಗೆ ಈ ಹೆಂಗಸರ ಪ್ರತಿಭಟನೆಯೇ ಕಾರಣವೆ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಅವರು ನಿಂತದ್ದು ನಿಜ. 'ಆಗ ಯಾರೂ ಏನೂ ಮಾಡುವಂತಿರಲಿಲ್ಲ' ಎಂಬ ಮಾತಿಗೆ ಈ ಬೀದಿ ಮತ್ತು ಆ ಪೊರಕೆ ಕಾರ್ಖಾನೆ ಉತ್ತರವಾಗಿ ಉಳಿದಿವೆ.

ದೀಪದ ಕಂಬದ ಕಾನೂನುಗಳು

ನಡಿಗೆಯ ಮುಂದಿನ ಘಟ್ಟಕ್ಕೆ ನೆಲದಡಿಯ ರೈಲು ಹಿಡಿದು ಪಶ್ಚಿಮದ ಬಡಾವಣೆಯೊಂದಕ್ಕೆ, ಬೈರಿಷರ್ ಪ್ಲಾಟ್ಸ್ ನಿಲ್ದಾಣಕ್ಕೆ ಹೋಗಬೇಕು. ವೈದ್ಯರು, ವಕೀಲರು, ಪ್ರಾಧ್ಯಾಪಕರು ವಾಸಿಸುತ್ತಿದ್ದ ನೆಮ್ಮದಿಯ ಬಡಾವಣೆ ಇದು. ಆಲ್ಬರ್ಟ್ ಐನ್‌ಸ್ಟೈನ್ ಕೂಡ ಇಲ್ಲಿಯೇ ಇದ್ದರು. ಇಲ್ಲಿ ಮಾತ್ರ ತಲೆಯನ್ನು ಸ್ವಲ್ಪ ಎತ್ತಬೇಕು. ದೀಪದ ಕಂಬಗಳಿಗೆ 80 ಫಲಕಗಳನ್ನು ತೂಗಿಹಾಕಲಾಗಿದೆ. ಒಂದು ಮಗ್ಗುಲಲ್ಲಿ ಮಕ್ಕಳ ಪಾಠದ ಪುಸ್ತಕದಲ್ಲಿರುವಂಥ ಸರಳ ಚಿತ್ರ, ಇನ್ನೊಂದು ಮಗ್ಗುಲಲ್ಲಿ ನಾಜಿ ಕಾಲದ ಒಂದು ಆದೇಶ, ಅದರ ದಿನಾಂಕದೊಡನೆ. ರೆನಾಟಾ ಷ್ಟಿ ಮತ್ತು ಫ್ರೀಡರ್ ಷ್ನೋಕ್ ಎಂಬ ಕಲಾವಿದರು 1993ರಲ್ಲಿ ಇವನ್ನು ಹಾಕಿದಾಗ, ಇದು ಹೊಸ ನಾಜಿಗಳ ಕೃತ್ಯವೆಂದು ಗಾಬರಿಗೊಂಡು ದೂರಿತ್ತವರೂ ಇದ್ದರು.

ಬ್ರೆಡ್ಡಿನ ಚಿತ್ರದ ಹಿಂದೆ, ಯಹೂದಿಗಳು ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ ಆಹಾರ ಕೊಳ್ಳಬಹುದೆಂಬ 1940ರ ಜುಲೈ ತಿಂಗಳ ಆದೇಶ. ಬೆಕ್ಕಿನ ಚಿತ್ರದ ಹಿಂದೆ, ಯಹೂದಿಗಳು ಸಾಕುಪ್ರಾಣಿ ಇಟ್ಟುಕೊಳ್ಳಬಾರದೆಂಬ 1942ರ ಫೆಬ್ರುವರಿ ತಿಂಗಳ ಆದೇಶ. ಯಹೂದಿ ಮಕ್ಕಳನ್ನು ಸರಕಾರಿ ಶಾಲೆಗಳಿಂದ ಹೊರಹಾಕಿದ 1938ರ ನವೆಂಬರ್ ತಿಂಗಳ ಆದೇಶವೂ ಇಲ್ಲಿದೆ.

ನಡಿಗೆಯ ಉದ್ದಕ್ಕೂ ಕಂಡ ಎಲ್ಲಕ್ಕಿಂತ ಮಕ್ಕಳ ಮನಸ್ಸಿಗೆ ಬೇಗ ತಾಕುವಂಥದು ಈ ಬಡಾವಣೆ. 60 ಲಕ್ಷ ಎಂಬ ಸಂಖ್ಯೆ ಯಾರ ಕಲ್ಪನೆಗೂ ನಿಲುಕದು. ಮನೆಯ ಬೆಕ್ಕನ್ನು ಒಪ್ಪಿಸಬೇಕು ಎಂದರೆ ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಅನ್ಯಾಯ ಒಂದೇ ದಿನ ಬಾಗಿಲು ಒಡೆದು ಬರಲಿಲ್ಲ. ಇವತ್ತು ಬೆಂಚು, ನಾಳೆ ಈಜುಕೊಳ, ನಾಡಿದ್ದು ಶಾಲೆ ಎಂದು ಕಂತುಕಂತಾಗಿ, ಸರಕಾರಿ ಮೊಹರು ಒತ್ತಿಕೊಂಡು ಬಂತು. ಪ್ರತಿ ಕಂತಿನಲ್ಲೂ ಪಕ್ಕದ ಮನೆಯವರು 'ಇಷ್ಟೇ ತಾನೆ' ಎಂದುಕೊಂಡು ಸುಮ್ಮನಿದ್ದರು.

ಗೋಡೆಯ ನೆರಳಿನಲ್ಲಿ

ಬರ್ಲಿನ್‌ನ ಕಷ್ಟ ಹಿಟ್ಲರ್‌ನೊಂದಿಗೆ ಮುಗಿಯಲಿಲ್ಲ. ಯುದ್ಧದ ನಂತರ ದೇಶವೂ ಊರೂ ಎರಡಾದವು. ಪೂರ್ವದಿಂದ ಪಶ್ಚಿಮಕ್ಕೆ ಜನ ಹರಿದು ಹೋಗುವುದನ್ನು ತಡೆಯಲು ಪೂರ್ವ ಜರ್ಮನಿಯ ಸರಕಾರ 1961ರ ಆಗಸ್ಟ್ 13ರಂದು ಗಡಿ ಮುಚ್ಚಿತು. ಪಶ್ಚಿಮ ಬರ್ಲಿನ್ ಸುತ್ತ ಸುಮಾರು 155 ಕಿಲೋಮೀಟರ್ ಉದ್ದದ ಬೇಲಿ, ಗೋಡೆ ಎದ್ದಿತು.

ಈ ಕಥೆಗೆ ನಾರ್ಡ್‌ಬಾನ್‌ಹೋಫ್ ರೈಲು ನಿಲ್ದಾಣದಲ್ಲಿ ಇಳಿಯಬೇಕು. ಗೋಡೆಯಿದ್ದ ಕಾಲದಲ್ಲಿ ಈ ನೆಲದಡಿಯ ನಿಲ್ದಾಣಕ್ಕೆ ಬೀಗ ಬಿದ್ದಿತ್ತು. ಪಶ್ಚಿಮದ ರೈಲುಗಳು ಪೂರ್ವದ ನೆಲದಡಿಯಲ್ಲಿ ನಿಲ್ಲದೆ ನಿಧಾನವಾಗಿ ಸಾಗುತ್ತಿದ್ದವು. ಮಬ್ಬು ಬೆಳಕಿನಲ್ಲಿ ಕಾವಲುಗಾರರು ಮಾತ್ರ ಕಾಣುವ ಇಂಥ ನಿಲ್ದಾಣಗಳನ್ನು ಜನ ದೆವ್ವದ ನಿಲ್ದಾಣ ಎಂದು ಕರೆಯುತ್ತಿದ್ದರು.

ಹೊರಬಂದರೆ ಬರ್ನವರ್ ಬೀದಿ. ಇಲ್ಲಿ ಮನೆಗಳು ಪೂರ್ವಕ್ಕೆ, ಮನೆಯೆದುರಿನ ಕಾಲುದಾರಿ ಪಶ್ಚಿಮಕ್ಕೆ ಸೇರಿತ್ತು! ಬಾಗಿಲುಗಳನ್ನು ಮುಚ್ಚಿಸಿದಾಗ ಜನ ಕಿಟಕಿಗಳಿಂದ ಹಾರಿದರು. ಹಾಗೆ ಹಾರಿದ 58 ವರ್ಷದ ಇಡಾ ಸೀಕ್‌ಮನ್ 1961ರ ಆಗಸ್ಟ್ 22ರಂದು ಪ್ರಾಣ ಬಿಟ್ಟರು. ಗೋಡೆ ಬಲಿ ತೆಗೆದುಕೊಂಡವರಲ್ಲಿ ಅವರೇ ಮೊದಲಿಗರು. ಮುಂದಿನ ವರ್ಷ ಊರಿನ ಇನ್ನೊಂದು ಕಡೆ ಗುಂಡೇಟು ತಿಂದ 18 ವರ್ಷದ ಪೀಟರ್ ಫೆಖ್ಟರ್, ಎರಡೂ ಕಡೆಯವರ ಕಣ್ಣೆದುರಿಗೆ ಸುಮಾರು ಒಂದು ಗಂಟೆ ಕಾಲ ರಕ್ತ ಸುರಿಸುತ್ತ ಬಿದ್ದು ಸತ್ತ. ಗೋಡೆಯ ಕಾರಣದಿಂದ ಸತ್ತವರು ಕನಿಷ್ಠ 140 ಮಂದಿ. ಬರ್ನವರ್ ಬೀದಿಯ ಸ್ಮಾರಕದಲ್ಲಿ ಅವರ ಭಾವಚಿತ್ರಗಳನ್ನು ಸಾಲಾಗಿ ಜೋಡಿಸಿದ್ದಾರೆ.

ಗೆದ್ದವರ ಕಥೆಗಳೂ ಇವೆ. 1964ರ ಅಕ್ಟೋಬರ್‌ನಲ್ಲಿ ಇದೇ ಬೀದಿಯ ಅಡಿಯಲ್ಲಿ ತೋಡಿದ ಸುರಂಗದಿಂದ 57 ಮಂದಿ ಪಾರಾದರು. ಅದನ್ನು ತೋಡಿದವರಲ್ಲಿ ಹೆಚ್ಚಿನವರು ಪಶ್ಚಿಮ ಬರ್ಲಿನ್‌ನ ವಿದ್ಯಾರ್ಥಿಗಳು.

ಗಡಿ ವಲಯದ ನಡುವೆ ಸಿಕ್ಕಿಕೊಂಡಿದ್ದ ಚರ್ಚೊಂದನ್ನು ಪೂರ್ವ ಜರ್ಮನಿ ಸರಕಾರ 1985ರಲ್ಲಿ ಸಿಡಿಮದ್ದಿಟ್ಟು ಉರುಳಿಸಿತು. ಗೋಡೆ ಬೀಳಲು ಐದೇ ವರ್ಷ ಉಳಿದಿತ್ತು! ಅದೇ ಜಾಗದಲ್ಲಿ 2000ದಲ್ಲಿ ಮಣ್ಣಿನ ಗೋಡೆಯ ಪುಟ್ಟ ಪ್ರಾರ್ಥನಾ ಮಂದಿರ ಎದ್ದಿತು. ಆ ಮಣ್ಣಿಗೆ ಹಳೆಯ ಚರ್ಚಿನ ಇಟ್ಟಿಗೆ ಚೂರುಗಳನ್ನು ಬೆರೆಸಿದ್ದಾರೆ. ಸುತ್ತ, ಹಿಂದೆ ಹುಲ್ಲು ಬೆಳೆಯಲೂ ಬಿಡದಿದ್ದ ನೆಲದಲ್ಲಿ, ರೈ ಎಂಬ ಧಾನ್ಯದ ಪೈರು ಬೆಳೆಯುತ್ತಾರೆ.

ಹದಿನೇಳನೆಯ ಪ್ಲಾಟ್‌ಫಾರಂ

ಇಷ್ಟನ್ನೂ ಒಂದೇ ದಿನದಲ್ಲಿ ನೋಡಲಾಗದು. ಎರಡು ಮೂರು ದಿನ, ಒಳ್ಳೆಯ ಬೂಟು, ಒಂದು ಛತ್ರಿ ಇದ್ದರೆ ಸಾಕು. ಕಾಂಕ್ರೀಟ್ ಗಡ್ಡೆಗಳ ಸ್ಮಾರಕ, ಅದರಡಿಯ ಮಾಹಿತಿ ಕೋಣೆ, ಒಟ್ಟೋ ವೈಟ್‌ನ ಕಾರ್ಖಾನೆ, ಬರ್ನವರ್ ಬೀದಿಯ ಪ್ರದರ್ಶನ - ಇವುಗಳಲ್ಲಿ ಯಾವುದಕ್ಕೂ ಪ್ರವೇಶ ಶುಲ್ಕವಿಲ್ಲ. ಇಂಗ್ಲಿಷಿನಲ್ಲಿ ವಿವರಿಸುವ ಮಾರ್ಗದರ್ಶಕರು ಸುಲಭವಾಗಿ ಸಿಗುತ್ತಾರೆ.

ಕೊನೆಯ ನಡಿಗೆಗೆ ಊರಂಚಿನ ಗ್ರೂನೆವಾಲ್ಡ್ ನಿಲ್ದಾಣಕ್ಕೆ ಹೋಗಬೇಕು. ಸುತ್ತ ಮರಗಳು, ಸಿರಿವಂತರ ಮನೆಗಳು, ಪಕ್ಷಿಗಳ ದನಿ. ಇದರ ಹದಿನೇಳನೆಯ ಪ್ಲಾಟ್‌ಫಾರಂನಿಂದ ಈಗ ಯಾವ ರೈಲೂ ಹೊರಡುವುದಿಲ್ಲ. ಬರ್ಲಿನ್‌ನ ಯಹೂದಿಗಳನ್ನು ಹೊತ್ತ ಮೊದಲ ರೈಲು 1941ರ ಅಕ್ಟೋಬರ್ 18ರಂದು ಹೊರಟದ್ದು ಈ ನಿಲ್ದಾಣದಿಂದ. 1998ರಲ್ಲಿ ಜರ್ಮನ್ ರೈಲ್ವೆ ಇಲ್ಲಿ ಸ್ಮಾರಕ ಮಾಡಿತು. ಪ್ಲಾಟ್‌ಫಾರಂನ ಅಂಚಿನುದ್ದಕ್ಕೂ 186 ಉಕ್ಕಿನ ತಗಡುಗಳು, ಒಂದೊಂದರ ಅಂಚಿನಲ್ಲೂ ಒಂದು ದಿನಾಂಕ, ಸಾಗಿಸಿದವರ ಸಂಖ್ಯೆ, ಹೋದ ಊರು. ಒಂದು ದಿನ ಸಾವಿರ ಮಂದಿ, ಇನ್ನೊಂದು ದಿನ ನೂರು, ಮತ್ತೊಂದು ದಿನ ಹತ್ತಾರು. ಹಳಿಗಳ ನಡುವೆ ಮರಗಳು ಎದ್ದಿವೆ. ಇನ್ನೆಂದೂ ಇಲ್ಲಿಂದ ರೈಲು ಹೋಗದಿರಲೆಂದು ಅವನ್ನು ಹಾಗೆಯೇ ಬಿಟ್ಟಿದ್ದಾರೆ.

ಈ ಗುರುತುಗಳೆಲ್ಲ ತಾವಾಗಿ ಬರಲಿಲ್ಲ. ಯುದ್ಧ ಮುಗಿದ ಮೇಲೆ ಬಹಳ ಕಾಲ ಜರ್ಮನಿಯಲ್ಲಿ ಮೌನವಿತ್ತು. ಮನೆಗಳಲ್ಲಿ ಹಿರಿಯರು ಆ ಮಾತು ಎತ್ತುತ್ತಿರಲಿಲ್ಲ. 'ಆಗ ನೀವು ಏನು ಮಾಡುತ್ತಿದ್ದಿರಿ, ಅಜ್ಜಾ?' ಎಂದು ಕೇಳಿದ್ದು ಮುಂದಿನ ತಲೆಮಾರಿನ ಮಕ್ಕಳು. ಎಂಬತ್ತರ ದಶಕದಲ್ಲಿ ಉಪಾಧ್ಯಾಯರು, ವಿದ್ಯಾರ್ಥಿಗಳು, ಸಾಮಾನ್ಯ ನಾಗರಿಕರು ಸೇರಿ ತಮ್ಮ ತಮ್ಮ ಬೀದಿಯ ಚರಿತ್ರೆಯನ್ನು ಹುಡುಕುವ ಸಣ್ಣ ಸಣ್ಣ ಸಂಘಗಳನ್ನು ಕಟ್ಟಿಕೊಂಡರು. 1985ರಲ್ಲಿ ಅಂಥವರ ಗುಂಪೊಂದು ಗುದ್ದಲಿ ಹಿಡಿದು ಹೋಗಿ, ಗೆಸ್ಟಾಪೊ ಕಚೇರಿಯಿದ್ದ ಪಾಳು ನೆಲವನ್ನು ತಾವೇ ಅಗೆಯತೊಡಗಿತು. ಈಗ ಅಲ್ಲಿ ದೊಡ್ಡ ದಾಖಲೆ ಕೇಂದ್ರವಿದೆ.

ಊರಿನ ಚರಿತ್ರೆಯೆಂದರೆ ಅರಮನೆ, ಕೋಟೆ, ಗೆದ್ದ ಯುದ್ಧಗಳು ಎಂದು ಮಕ್ಕಳು ಓದುತ್ತ ಬೆಳೆಯುತ್ತಾರೆ. ಬರ್ಲಿನ್ ಅದಕ್ಕೆ ಇನ್ನೊಂದು ಪಾಠ ಸೇರಿಸುತ್ತದೆ. ತಪ್ಪನ್ನು ಒಪ್ಪಿಕೊಂಡ ಮಾತ್ರಕ್ಕೆ ಊರು ಸಣ್ಣದಾಗುವುದಿಲ್ಲ. ಹಿತ್ತಾಳೆಯ ಕಲ್ಲನ್ನು ಉಜ್ಜಿ ಬೆಳಗುತ್ತಿರುವ ಶಾಲಾ ಹುಡುಗಿಗೆ ಆ ತಪ್ಪಿನಲ್ಲಿ ಪಾಲಿಲ್ಲ. ಆದರೂ ಆಕೆ ಮಂಡಿಯೂರಿ ಕುಳಿತಿದ್ದಾಳೆ. ಕಲ್ಲಿನ ಮೇಲಿನ ಹೆಸರು ನಿಧಾನವಾಗಿ ಹೊಳಪೇರುತ್ತದೆ. ದಾರಿಹೋಕರು ಒಬ್ಬೊಬ್ಬರಾಗಿ ನಿಂತು, ತಲೆ ತಗ್ಗಿಸಿ, ಅದನ್ನು ಓದಿ ಮುಂದೆ ನಡೆಯುತ್ತಾರೆ.